ಚಟ್ನಿ ಪೊಟ್ಟಣದ ಮೇಲೆ ನಾನು ಬರೆದ ಸತ್ಯ

ಸರ್ಕಾರ ಹೊಸದಾಗಿ ಏನನ್ನಾದರೂ ನಿಷೇಧಿಸಿದಾಗ ಬೈಲಹೊಂಗಲದಲ್ಲಿ ಇಬ್ಬರಿಗೆ ಕೆಲಸ ಸಿಗುತ್ತಿತ್ತು. ಒಬ್ಬ ಬೋರ್ಡು ಬರೆಯುವ ಪೇಂಟರ್, ಇನ್ನೊಬ್ಬ ನಾನು. ಅವನು ಹಲಗೆಗೆ ಬಿಳಿ ಬಣ್ಣ ಹೊಡೆದು ಒಣಗಲಿಕ್ಕೆ ಬಿಡುವಷ್ಟರಲ್ಲಿ ನಾನು ಒಕ್ಕಣೆ ತಯಾರು ಮಾಡಿ ಕೊಡಬೇಕು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ಸಂಬಳ ಬರುತ್ತಿದ್ದದ್ದು ವ್ಯಾಕರಣಕ್ಕೆ. ಆದರೆ ಹುಟ್ಟಿದ್ದು ಮಾತ್ರ ಇಂಥ ಬೋರ್ಡುಗಳಿಗಾಗಿಯೇ ಎಂದು ಬಹುಕಾಲ ನಂಬಿದ್ದೆ. ಶಾಲೆಯ ಸುತ್ತ ತಂಬಾಕು ಮಾರಬಾರದು, ದವಾಖಾನೆಯ ಗೋಡೆಗೆ ಉಗುಳಬಾರದು, ನಳದ ಕಟ್ಟೆಯ ಬಳಿ ಪಾತ್ರೆ ತಿಕ್ಕಬಾರದು. ಊರಿನ ‘ಬಾರದು’ಗಳೆಲ್ಲ ನನ್ನ ಮೇಜಿನ ಮೇಲಿಂದಲೇ ಹಾದು ಹೋದವು. ಶಾಲೆಗೆ ಮೊಬೈಲು ತರಬಾರದೆಂದು ಸುತ್ತೋಲೆ ಬಂದಾಗ ನಾನು ‘ವಿದ್ಯಾಲಯದ ಪ್ರಾಂಗಣದಲ್ಲಿ ಸಂಚಾರಿ ದೂರವಾಣಿಯ ಧಾರಣೆಯು ವರ್ಜ್ಯ’ ಎಂದು ಬರೆಸಿದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅರ್ಥವಾಗದೆ ಆ ಬೋರ್ಡಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿದಳು. ಅಪ್ಪನಿಗೂ ಅರ್ಥವಾಗದೆ, ಅವನು ಅದೇ ಮೊಬೈಲನ್ನು ಹಿಡಿದುಕೊಂಡು ಪ್ರಾಂಗಣದೊಳಗೇ ಬಂದು ನನ್ನನ್ನು ಕೇಳಿದ. ವಿವರಿಸಿದೆ.

“ಹಂಗಾರ ಮೊಬೈಲ್ ತರಬ್ಯಾಡ್ರಿ ಅಂತ ಬರೀಬೇಕಿತ್ತಲ್ರಿ ಸರ್” ಎಂದ.

ಕಾನೂನಿಗೆ ಒಂದು ಗಾಂಭೀರ್ಯ ಬೇಕಾಗುತ್ತದೆ ಎಂದು ಹೇಳಿ ಕಳುಹಿಸಿದೆ.

ಈ ಗಾಂಭೀರ್ಯ ಮನೆತನದಿಂದ ಬಂದದ್ದು. ನಮ್ಮ ಹಿರಿಯರು ಸಂಪಗಾಂವದವರು. ಸಂಪಗಾಂವ ಒಂದು ಕಾಲಕ್ಕೆ ತಾಲೂಕು ಸ್ಥಳ. ಕಚೇರಿ ಬೈಲಹೊಂಗಲಕ್ಕೆ ಹೋಗಿ ಎಷ್ಟೋ ಕಾಲವಾದರೂ ನಮ್ಮ ನಡಿಗೆಯಲ್ಲಿ ಇನ್ನೂ ಕಚೇರಿಗೆ ಹೊರಟವರ ಠೀವಿ ಇದೆ. ಅಜ್ಜ ಪುರಾಣ ಹೇಳುತ್ತಿದ್ದರು, ಅಪ್ಪ ಪಂಚಾಂಗ ನೋಡುತ್ತಿದ್ದರು. ನನ್ನ ಪಾಲಿಗೆ ಉಳಿದದ್ದು ಒಂದೇ ಆಚಾರ: ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿನ್ನದಿರುವುದು. ಉಳಿದವನ್ನೆಲ್ಲ ಒಂದೊಂದಾಗಿ ಗೂಟಕ್ಕೆ ಹಾಕಿದವನು ಇದೊಂದನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡೆ. ಇದಕ್ಕಾಗಿ ನಸುಕಿನಲ್ಲಿ ಏಳಬೇಕಾಗಿರಲಿಲ್ಲ, ತಣ್ಣೀರು ಹೊಯ್ದುಕೊಳ್ಳಬೇಕಾಗಿರಲಿಲ್ಲ. ಪಾಲಿಸುವುದಕ್ಕಿಂತ ಹೇಳಿಕೊಳ್ಳುವುದು ಹೆಚ್ಚಾಗಿತ್ತು. ಪರರ ಮನೆಯ ಊಟಕ್ಕೆ ಹೋದರೆ ಹೊಸ್ತಿಲಲ್ಲೇ ನಿಂತು ಮೂಗು ಎತ್ತಿ, “ಒಗ್ಗರಣಿಗೆ ಬಳ್ಳೊಳ್ಳಿ ಬಿದ್ದದ” ಎಂದು ಘೋಷಿಸುತ್ತಿದ್ದೆ. ಕೆಲವು ಮನೆಗಳಲ್ಲಿ ನಾನು ಬರುವುದು ಕಂಡರೆ ಒಲೆ ಆರಿಸುತ್ತಿದ್ದರಂತೆ. ಅದನ್ನು ಗೌರವವೆಂದು ತಿಳಿದಿದ್ದೆ.

ಇನ್ನು ಚಟ್ನಿಯ ವಿಷಯ. ನನ್ನ ಹೆಂಡತಿಯ ಶೇಂಗಾ ಚಟ್ನಿಪುಡಿ ನಮ್ಮ ಓಣಿಯಲ್ಲಿ ಪ್ರಸಿದ್ಧ. ಅವಳು ಶೇಂಗಾವನ್ನು ನಮ್ಮ ಮನೆಯಲ್ಲಿ ಕಬ್ಬಿಣದ ಬಾಣಲೆಯಲ್ಲಿ ಹದವಾಗಿ ಹುರಿದು, ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಆಮೇಲೆ ಪಕ್ಕದ ಮನೆಗೆ ಒಯ್ಯುತ್ತಿದ್ದಳು. ಪಕ್ಕದ ಮನೆಯವರು ಒಕ್ಕಲುತನದವರು, ಸಂಗೊಳ್ಳಿಯ ಕಡೆ ಹೊಲವಿದೆ. ಆ ಮನೆಯಾಕೆ ನನ್ನ ಹೆಂಡತಿಗಿಂತ ನಾಲ್ಕಾರು ವರ್ಷ ದೊಡ್ಡವರು; ಇವಳು ಅವರಿಗೆ ‘ಅಕ್ಕ’ ಅನ್ನುತ್ತಾಳೆ, ಅವರು ಇವಳಿಗೆ ‘ವೈನಿ’. ಅವರ ಹಿತ್ತಲಿನಲ್ಲಿ ಅವರ ಅತ್ತೆಯ ಕಾಲದ ಒಳಕಲ್ಲಿದೆ. ಇಬ್ಬರೂ ಸೇರಿ ಅಲ್ಲಿ ಕುಟ್ಟುತ್ತಿದ್ದರು. ಮಿಕ್ಸರಿನಲ್ಲಿ ತಿರುವಿದರೆ ಹಿಟ್ಟಾಗುತ್ತದೆ, ಕುಟ್ಟಿದರೆ ಎಣ್ಣೆ ಬಿಟ್ಟು ಚಟ್ನಿಯಾಗುತ್ತದೆ ಎಂದು ನಾನು ಬಂದವರಿಗೆಲ್ಲ ವಿವರಿಸುತ್ತಿದ್ದೆ. ಪಕ್ಕದ ಮನೆಗೆ ಹೋಗುವುದಕ್ಕೆ ಅದೊಂದೇ ಕಾರಣವೆಂದು ನನ್ನ ತಿಳಿವಳಿಕೆ.

ನನ್ನ ತಾಯಿ ಇರುವತನಕ ಮನೆಯಲ್ಲಿ ಚಟ್ನಿಯ ಡಬ್ಬಿಗಳು ಎರಡಿದ್ದವು. ಮೇಲಿನ ಗೂಡಿನ ಹಿತ್ತಾಳೆಯ ಡಬ್ಬಿ ಅವ್ವನ ಮಡಿಯದು. ಅದನ್ನು ಮನೆಯಲ್ಲೇ ಕುಟ್ಟುತ್ತಿದ್ದರು. ಕೆಳಗಿನ ಸ್ಟೀಲಿನ ಡಬ್ಬಿ ಉಳಿದವರದು. ಪರರ ಮನೆಯ ಒಳಕಲ್ಲು ಮಡಿಗೆ ಬರುವುದಿಲ್ಲವಾದ್ದರಿಂದ ಈ ಏರ್ಪಾಡು ಎಂದು ನನಗೆ ನಾನೇ ಅರ್ಥ ಮಾಡಿಕೊಂಡಿದ್ದೆ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೆಳಗಿನ ಡಬ್ಬಿಯ ಚಟ್ನಿ ಮೇಲಿನದಕ್ಕಿಂತ ರುಚಿ ಎಂಬುದು ಮಾತ್ರ ನನ್ನ ನಾಲಿಗೆಯ ಖಚಿತ ಅಭಿಪ್ರಾಯ. ಅದು ಇಂಗಿನ ಹದ ಎಂದು ಊಟಕ್ಕೆ ಕುಳಿತ ಬೀಗರಿಗೆ ಉಪನ್ಯಾಸ ಕೊಡುತ್ತಿದ್ದೆ. “ಇಂಗು ಎಲ್ಲಾರೂ ಹಾಕ್ತಾರ. ಹೀಂಗ ಘಮ್ ಅನ್ನೂಹಂಗ ಹಾಕೂದು ಒಂದು ವಿದ್ಯೆ.” ಇಷ್ಟು ಹೇಳುವಷ್ಟರಲ್ಲಿ ನನ್ನ ಹೆಂಡತಿ ನೀರು ತರಲು ಒಳಗೆ ಹೋಗಿರುತ್ತಿದ್ದಳು. ಮೂವತ್ತೆರಡು ವರ್ಷ ಅವಳು ಪ್ರತಿ ಸಲವೂ ನೀರು ತರಲು ಹೋಗಿದ್ದಾಳೆ.

ಹೋದ ವರ್ಷ ಕಿತ್ತೂರಿನಲ್ಲಿ ಹೆದ್ದಾರಿಯ ಮಗ್ಗುಲಿಗೆ ತಿನಿಸಿನ ಅಂಗಡಿ ಇಟ್ಟವರೊಬ್ಬರು ಯಾರದೋ ಮನೆಯಲ್ಲಿ ಈ ಚಟ್ನಿಯನ್ನು ತಿಂದು, ವಿಳಾಸ ಕೇಳಿಕೊಂಡು ನಮ್ಮಲ್ಲಿಗೆ ಬಂದರು. ಪುಣೆ-ಬೆಂಗಳೂರು ಬಸ್ಸುಗಳು ಅವರ ಅಂಗಡಿಯ ಮುಂದೆ ನಿಲ್ಲುತ್ತವೆ. ಜಗುಲಿಯ ಮೇಲೆ ಕುಳಿತು ನನ್ನೊಡನೆ ಮಾತಾಡುತ್ತ, ಒಳಗಿದ್ದ ನನ್ನ ಹೆಂಡತಿಗೆ ಕೇಳುವಂತೆ ಹೇಳಿದರು.

“ನೂರ ಪಾಕೀಟ ಮದಲ ಕೊಡ್ರಿ ಬಾಯಾರ. ಹೋದ್ರ ತಿಂಗಳಾ ತಿಂಗಳಾ ತೊಗೊಂತೇನಿ. ಆದರ ಕಾಯ್ದೇಪ್ರಕಾರ ಇರಬೇಕ್ರಿ. ರಿಜಿಸ್ಟ್ರೇಶನ್ ನಂಬರ್, ಒಳಗ ಏನೇನೈತಿ ಅದರ ಪಟ್ಟಿ, ತೂಕ, ತಯಾರಾದ ದಿವಸ. ಹಿಂದ ಒಬ್ಬರ ಲಡಕಿ ಉಂಡಿ ಇಟ್ಟಿದ್ದೆ, ಚೀಟಿ ಮ್ಯಾಲೆ ತುಪ್ಪ ಅಂತ ಬರದಿದ್ರು, ಒಳಗ ಡಾಲ್ಡಾ ಇತ್ತು. ಸಾಹೇಬ್ರು ಬಂದು ನನ್ನ ನಿಲ್ಲಿಸಿ ಕೇಳಿದ್ರು. ಬರೂ ತಿಂಗಳ ಹುಣ್ಣಿಮಿ ಆದಮ್ಯಾಲಿನ ಶುಕ್ರವಾರದೊಳಗ ಮುಟ್ಟಬೇಕು, ಇಲ್ಲಾಂದ್ರ ಆ ಜಾಗಾ ಗೋಕಾಕದವ್ರಿಗೆ ಕೊಡ್ತೇನಿ. ಅವ್ರು ಕೇಳಾಕ ಹತ್ಯಾರ.”

ನನ್ನ ಹೆಂಡತಿ ನೋಂದಣಿಗೆ ಅರ್ಜಿ ಹಾಕಿದಳು. ಎರಡು ಸಲ ತಿರುಗಿ ಬಂತು, ಮೂರನೆಯ ಸಲ ಆಯಿತು. ಆ ಕಾಗದದ ಮೇಲೆ ಅವಳ ಹೆಸರೊಂದೇ ಇತ್ತು. ರೇಶನ್ ಕಾರ್ಡಿನಲ್ಲಿ ಅವಳು ನನ್ನ ಕೆಳಗೆ, ಬ್ಯಾಂಕಿನ ಪುಸ್ತಕದಲ್ಲಿ ನನ್ನ ಜೊತೆಗೆ, ಲಗ್ನಪತ್ರಿಕೆಯಲ್ಲಿ ಅವಳ ಅಪ್ಪನ ಕೆಳಗೆ. ಒಬ್ಬಳೇ ಇದ್ದದ್ದು ಇದರಲ್ಲೇ ಮೊದಲು. ಅದನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿ ಹಾಕಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಹಾಕಿ, ದೇವರ ಗೂಡಿನ ಕೆಳಗಿಟ್ಟಳು. ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದಳು. ಇದು ಅವಳಿಗೆ ಎಷ್ಟರಮಟ್ಟಿನದು ಎಂಬುದನ್ನು ತಿಳಿಯಲು ಅಷ್ಟು ಸಾಕಾಗಿತ್ತು. ತಿಳಿದೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ನೂರು ಪೊಟ್ಟಣ ತುಂಬಿ, ಬಾಯಿ ಬೆಸೆದು, ನಡುಮನೆಯ ಟ್ರಂಕಿನ ಮೇಲೆ ಜೋಡಿಸಿಟ್ಟಾಗ ರಾಮದುರ್ಗದಿಂದ ಮಗಳ ಕರೆ ಬಂತು. ಮೊಮ್ಮಗನಿಗೆ ಜ್ವರ. ನನ್ನ ಹೆಂಡತಿ ಹೊರಟಳು. ಹೋಗುವಾಗ ನಿಯಮಗಳ ಕಾಗದವನ್ನು ನನ್ನ ಕೈಗೆ ಕೊಟ್ಟು, “ಇದನ್ನ ಹಾಂಗಽ ಇಟ್ಟಿರ್ರಿ. ಬುಧವಾರ ಬರ್ತೀನಿ. ಚೀಟಿ ನಾ ಬಂದಮ್ಯಾಲೆ ಬರದ್ರಾತು” ಎಂದಳು.

“ಆಗಲಿ.”

“ಬರೀಬ್ಯಾಡ್ರಿ ಅಂತ ಹೇಳ್ಲಿಕ್ಹತ್ತೀನಿ.”

“ಕೇಳಸ್ತು.”

ಬಸ್ಸು ಹೊರಟು ಅವಳು ಕಣ್ಮರೆಯಾದದ್ದೇ ತಡ, ನಾನು ಮನೆಗೆ ಬಂದು ಪೆನ್ನು ತೆಗೆದೆ.

ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ಸರ್ಕಾರ ಏನೇನೋ ನಿಷೇಧಿಸುತ್ತಲೇ ಇತ್ತು, ಬೋರ್ಡುಗಳೆಲ್ಲ ಈಗ ಅಚ್ಚಾಗಿ ಬರುತ್ತಿದ್ದವು, ನನ್ನನ್ನು ಕೇಳುವವರಿರಲಿಲ್ಲ. ಅಂಥ ಹೊತ್ತಿನಲ್ಲಿ ಕಾನೂನು ತಾನಾಗಿ ನನ್ನ ನಡುಮನೆಗೆ ನಡೆದು ಬಂದಿತ್ತು. ಕಾಗದವನ್ನು ಓದಿದೆ. ಒಳಗಿನ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಕೆಲವರ ಮೈಗೆ ಶೇಂಗಾ ಆಗುವುದಿಲ್ಲವಾದ್ದರಿಂದ ಶೇಂಗಾ ಇದೆಯೆಂಬ ಎಚ್ಚರಿಕೆಯನ್ನು ಬೇರೆಯಾಗಿ ಕೊಡಬೇಕು. ಶೇಂಗಾ ಚಟ್ನಿಯಲ್ಲಿ ಶೇಂಗಾ ಇದೆಯೆಂದು ಎಚ್ಚರಿಸುವ ಸರ್ಕಾರದ ಬಗ್ಗೆ ನನಗೆ ಗೌರವ ಹುಟ್ಟಿತು. ಇದು ನನ್ನ ಶೈಲಿಯ ಸರ್ಕಾರ ಅನ್ನಿಸಿತು.

ಎರಡು ದಿನ ಕುಳಿತು ಒಕ್ಕಣೆಯನ್ನು ತೀಡಿದೆ. ಮೇಲೆ ‘ಶುದ್ಧ ಸಾತ್ವಿಕ ಶೇಂಗಾ ಚೂರ್ಣ’. ಕೆಳಗೆ ‘ಘಟಕದ್ರವ್ಯಗಳು: ಭರ್ಜಿತ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಲವಣ, ಹಿಂಗು’. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಪಲಾಂಡು-ಲಶುನ ವರ್ಜಿತ. ಈ ಮನೆಯ ಅಡಿಗೆಮನೆಗೆ ಬೆಳ್ಳುಳ್ಳಿ ಎಂದೂ ಕಾಲಿಟ್ಟಿಲ್ಲ’. ಪಲಾಂಡುವೆಂದರೆ ಉಳ್ಳಾಗಡ್ಡಿ, ಲಶುನವೆಂದರೆ ಬೆಳ್ಳುಳ್ಳಿ. ಕೊನೆಯ ವಾಕ್ಯವನ್ನು ಬರೆದಾಗ ಅಜ್ಜ, ಅಪ್ಪ ಇಬ್ಬರೂ ಹಿಂದೆ ನಿಂತು ತಲೆದೂಗಿದಂತಾಯಿತು.

ಪ್ರೆಸ್ಸಿನವನು ನನ್ನ ಹಳೆಯ ವಿದ್ಯಾರ್ಥಿ. ಓದಿ, ಕಿವಿಯ ಹಿಂದೆ ಪೆನ್ನು ಸಿಗಿಸಿಕೊಂಡ.

“ಇಷ್ಟಕ್ಕ ಜಾಗಾ ಸಾಲಂಗಿಲ್ರಿ ಸರ್.”

“ತೂಕ ಸಣ್ಣಾಗಿ ಹಾಕು.”

“ತೂಕ ಸಣ್ಣಾಗಿ ಹಾಕಾಕ ಬರಂಗಿಲ್ರಿ, ಕಾಯ್ದೆ ಐತಿ. ನಿಮ್ಮ ಬಳ್ಳೊಳ್ಳಿ ವಾಕ್ಯ ಸಣ್ಣದ ಮಾಡೂಣೇನ್ರಿ?”

“ಅದನ್ನ ಮುಟ್ಟಬ್ಯಾಡ.”

ಅವನು ಹಾಳೆಯನ್ನು ಇನ್ನೊಮ್ಮೆ ಓದಿ, “ಬಾಯಾರನ್ನ ಒಂದ ಮಾತ ಕೇಳೀರೇನ್ರಿ?” ಎಂದ.

“ನಮ್ಮನಿ ಚಟ್ನ್ಯಾಗ ಏನದ ಅಂತ ನನಗ ಗೊತ್ತಿಲ್ಲೇನು?”

ಗುರುಗಳಿಗೆ ಎದುರಾಡಬಾರದೆಂದು ನಾನೇ ಕಲಿಸಿದ್ದೆ. ಅವನು ಅಚ್ಚು ಹಾಕಿಕೊಟ್ಟು, ಹುಣ್ಣಿಮೆ ಬಂತೆಂದು ಮನೆಮಂದಿಯನ್ನು ಕರೆದುಕೊಂಡು ಸವದತ್ತಿ ಗುಡ್ಡಕ್ಕೆ ದೇವಿಯ ದರ್ಶನಕ್ಕೆ ಹೋದ.

ನಾನು ಒಬ್ಬನೇ ಕುಳಿತು ನೂರು ಪೊಟ್ಟಣಗಳಿಗೂ ಚೀಟಿ ಅಂಟಿಸಿದೆ. ಒಂದೂ ಸೊಟ್ಟಗಾಗಲಿಲ್ಲ. ಅಂಟು ಎಷ್ಟು ಗಟ್ಟಿಯೆಂದರೆ ಪೊಟ್ಟಣ ಹರಿಯಬೇಕೇ ಹೊರತು ಚೀಟಿ ಏಳಬಾರದು. ಅದನ್ನೂ ನಾನೇ ಹೇಳಿ ಮಾಡಿಸಿದ್ದೆ.

ಬುಧವಾರ ಮಧ್ಯಾಹ್ನ ರಾಮದುರ್ಗದ ಬಸ್ಸಿಗೆ ಹೆಂಡತಿ ಬಂದಳು. ಮೊಮ್ಮಗನ ಜ್ವರ ಇಳಿದಿತ್ತು. ಕೈಕಾಲು ತೊಳೆದುಕೊಂಡು ನಡುಮನೆಗೆ ಬಂದವಳು ಟ್ರಂಕನ್ನು ನೋಡಿ ನಿಂತಳು. ನಾನು ಖುರ್ಚಿಯಲ್ಲಿ ಕುಳಿತು, ಹೊಗಳಿಕೆಯನ್ನು ತಡೆಯುವವರು ಮಾಡುವ ಮುಖ ಮಾಡಿದ್ದೆ. ಅವಳು ಒಂದು ಪೊಟ್ಟಣವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಎರಡನೆಯ ಪೊಟ್ಟಣವನ್ನು ಎತ್ತಿ ಓದಿದಳು, ಅದರ ಮೇಲೆ ಬೇರೇನಾದರೂ ಇರಬಹುದೆಂಬ ಆಸೆಯಿಂದ.

“ಅಡಿಗಿಮನಿಗೆ ಬಂದಿಲ್ಲ ಅನ್ನೂದು ಖರೆ ಅದ” ಎಂದಳು.

“ಮತ್ತ.”

“ಅಕ್ಕನ ಹಿತ್ತಲದಾಗ ಸುಲೀತೀವಿ.”

ಏನನ್ನು ಎಂದು ನಾನು ಕೇಳಲಿಲ್ಲ. ಕೇಳದಿದ್ದರೆ ಅದು ಇನ್ನೂ ಸ್ವಲ್ಪ ಹೊತ್ತು ಆಗದೇ ಇರಬಹುದು ಅನ್ನಿಸಿತು. ಅವಳು ಮೆಟ್ಟಿಲಿಗೆ ಹೋಗಿ ಪಕ್ಕದ ಮನೆಯಾಕೆಯನ್ನು ಕೂಗಿದಳು. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಚೀಟಿಯನ್ನು ಒಂದೊಂದೇ ಅಕ್ಷರವಾಗಿ ಓದಿದರು. ಪಲಾಂಡು, ಲಶುನಗಳನ್ನು ದಾಟಿ ಬೆಳ್ಳುಳ್ಳಿಗೆ ಬಂದಾಗ ಅವರ ತುಟಿ ನಿಂತಿತು.

“ಸರ್, ಕಿಲೋಕ್ಕ ಎರಡ ಮುಷ್ಟಿ ಬೀಳತೈತ್ರಿ ಬಳ್ಳೊಳ್ಳಿ. ಎಣ್ಯಾಗ ಕೆಂಪಗ ಹುರದು.”

“ಎಂದಿನಿಂದ?”

“ವೈನಿ ನಡೀಲಿಕ್ಕ ಬಂದಾಗಿಂದ್ರಿ” ಎಂದರು. ನಮ್ಮಲ್ಲಿ ಸೊಸೆ ಸಂಸಾರಕ್ಕೆ ಬರುವುದನ್ನು ನಡೆಯಲಿಕ್ಕೆ ಬರುವುದು ಎನ್ನುತ್ತಾರೆ. ಅಂದರೆ ಮೂವತ್ತೆರಡು ವರ್ಷ.

ಅವ್ವನ ಹೆಸರು ಹಿಡಿದು ನಾನು ಎದ್ದು ನಿಂತೆ. ಮಡಿ ಹೆಂಗಸು, ಏಕಾದಶಿಗೆ ನೀರು ಕುಡಿಯದಾಕೆ, ಆಕೆಗೆ ಗೊತ್ತಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ.

“ಅತ್ತಿಯವ್ರಽ ಹೇಳಿಕೊಟ್ಟದ್ದು” ಎಂದಳು ನನ್ನ ಹೆಂಡತಿ. “ನಾ ಮದಲ ಸಲ ಇಂಗು ಹಾಕಿ ಮಾಡಿದ್ದೆ. ನೀವು ಅನ್ನ ಬಿಟ್ಟು ಎದ್ರಿ. ಆಗ ಅವ್ರು ಅಂದ್ರು, ಅವ್ಗ ಸಣ್ಣಾಂವಿದ್ದಾಗಿಂದ ಅಕ್ಕಪಕ್ಕದ ಮನಿ ಚಟ್ನಿ ನಾಲಿಗಿಗೆ ಹತ್ತೇದ, ಅಲ್ಲೇ ಕುಟ್ಟಿಸಿಕೊಂಡು ಬಾ, ಬ್ಯಾರೆ ಡಬ್ಬ್ಯಾಗ ಇಡು. ಅವ್ಗ ಮಾತ್ರ ಹೇಳಬ್ಯಾಡ.”

“ಯಾಕ? ಪಾಪ ಹತ್ತೀತಂತನ?”

“ಅಲ್ಲ. ಭಾಷಣ ಮಾಡ್ತಾನ ಅಂತ.”

ಪಕ್ಕದ ಮನೆಯಾಕೆ ಬಾಗಿಲ ಕಡೆ ತಿರುಗಿ ನಿಂತುಕೊಂಡರು. ಭುಜ ಅಲುಗುತ್ತಿತ್ತು.

ಇಂಥ ಪ್ರಸಂಗದಲ್ಲಿ ಮರ್ಯಾದಸ್ಥರು ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಪರಿಹಾರ ಸೂಚಿಸಿದೆ. ಇಂದು ಬುಧವಾರ, ಶುಕ್ರವಾರಕ್ಕೆ ಇನ್ನೂ ಒಂದು ದಿನವಿದೆ. ಚೀಟಿ ಹೇಗಿದೆಯೋ ಹಾಗೆ ಚಟ್ನಿಯನ್ನು ಹೊಸದಾಗಿ ಮಾಡಿಬಿಡಿ, ಬೆಳ್ಳುಳ್ಳಿ ಬಿಟ್ಟು ಇಂಗು ಹಾಕಿ, ಸತ್ಯವೂ ಉಳಿಯುತ್ತದೆ, ಮುದ್ರಣವೂ ಉಳಿಯುತ್ತದೆ ಎಂದೆ.

“ಬೋರ್ಡ ತಪ್ಪಾದ್ರ ಸಾಲಿ ಕೆಡವ್ತಾರೇನ್ರಿ ಸರ್?” ಎಂದರು ಪಕ್ಕದ ಮನೆಯಾಕೆ, ಇನ್ನೂ ಆಚೆ ಮುಖ ಮಾಡಿಕೊಂಡೇ.

ಆಗ ನಾನು ಇನ್ನೊಂದು ಮಾತು ಹೇಳಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಒಳಗಿರುವುದನ್ನೆಲ್ಲ ಬರೆಯಬೇಕೆಂದು ನಿಯಮವಿದೆಯಲ್ಲ. “ಇರಲಿ ಬಿಡು, ಹಂಗಽ ಕೊಡೂಣು. ತಿಂದವ್ರಿಗೆ ಯಾರಿಗೆ ಗೊತ್ತಾಗ್ತದ?” ಎಂದೆ. ಜೀವಮಾನವಿಡೀ ಕಾನೂನಿಗೆ ಅಲಂಕಾರ ಮಾಡಿದವನು, ಅದು ನನ್ನ ಕಾಲು ತುಳಿದ ಕೂಡಲೆ ಕಳ್ಳದಾರಿ ಹುಡುಕಿದೆ.

ನನ್ನ ಹೆಂಡತಿ ಪೊಟ್ಟಣವನ್ನು ಕೆಳಗಿಟ್ಟಳು. “ಎಲ್ಲಾರಿಗೂ ಗೊತ್ತಾಗ್ತದ. ಎಲ್ಲಾರ ಮೂಗು ನಿಮ್ಮಂಗ ಇರೂದಿಲ್ಲ. ಯಾರಾದ್ರೂ ಬಳ್ಳೊಳ್ಳಿ ಖರೇನ ತಿನ್ನದವ್ರು ನಿಮ್ಮ ಮಾತು ನಂಬಿ ತೊಗೊಂಡು ತಿಂದ್ರ? ನಂಬರು ನನ್ನ ಹೆಸರಿನ್ಯಾಗ ಅದ.”

ಅವಳ ದನಿ ಏರಿರಲಿಲ್ಲ. ಏರಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಪ್ರೆಸ್ಸಿಗೆ ಬೀಗ. ಪ್ರೆಸ್ಸಿನವನು ಗುಡ್ಡದಿಂದ ಶುಕ್ರವಾರವೇ ಬರುವುದು. ಕೊನೆಗೆ ನಿರ್ಧಾರವಾದದ್ದು ಇಷ್ಟು: ಪೊಟ್ಟಣಗಳನ್ನೆಲ್ಲ ಒಡೆದು, ಚಟ್ನಿಯನ್ನು ಹೊಸ ಚೀಲಗಳಿಗೆ ತುಂಬಿ, ಚೀಟಿಗಳನ್ನು ಕೈಯಲ್ಲೇ ಬರೆದು ಅಂಟಿಸುವುದು. ಕೈಬರಹವನ್ನು ಅಂಗಡಿಯವರು ಒಪ್ಪುತ್ತಾರೋ ಇಲ್ಲವೋ ನೋಡುವುದು. ಒಪ್ಪದಿದ್ದರೆ ಜಾಗ ಗೋಕಾಕದವರಿಗೆ.

ಗುರುವಾರ ಬೆಳಿಗ್ಗೆ ನಡುಮನೆಯಲ್ಲಿ ಚಾದರ ಹಾಸಿ ಕುಳಿತೆವು. ಪಕ್ಕದ ಮನೆಯಾಕೆ ಕತ್ತರಿ ಹಿಡಿದು ಪೊಟ್ಟಣಗಳ ಬಾಯಿ ಕತ್ತರಿಸತೊಡಗಿದರು. ಒಂದೆರಡರ ಮಾತಾಗಿದ್ದರೆ ತಿಳಿಯುತ್ತಿರಲಿಲ್ಲವೇನೋ. ನೂರೂ ಒಟ್ಟಿಗೆ ಬಾಯಿ ತೆರೆದವು. ಮನೆಯ ತುಂಬ ಬೆಳ್ಳುಳ್ಳಿಯ ಘಮ. ಜಗುಲಿಯ ಮುಂದೆ ಹೋಗುವವರು ನಿಂತು ಮೂಸುವಂಥದು. ಬೇರೆಯವರ ಹೊಸ್ತಿಲಲ್ಲಿ ಒಂದೇ ಎಸಳನ್ನು ಹಿಡಿಯುತ್ತಿದ್ದ ನನ್ನ ಮೂಗು, ಸ್ವಂತ ಮನೆಯೊಳಗೆ ಬಂದ ಕೂಡಲೆ ರಜೆ ಹಾಕುತ್ತಿತ್ತೆ? ನನಗೆ ನಿಜವಾಗಿಯೂ ಗೊತ್ತಿರಲಿಲ್ಲವೇ ಎಂದು ಅಂದು ಕೇಳಿಕೊಂಡೆ, ಈಗಲೂ ಕೇಳಿಕೊಳ್ಳುತ್ತೇನೆ. ಎರಡು ಡಬ್ಬಿ ಯಾಕೆ ಎಂದು ಒಮ್ಮೆಯೂ ಕೇಳದವನಿಗೆ ಏನೂ ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಚಟ್ನಿ ಹೋಗುತ್ತದೆ. ಇಷ್ಟು ಲೆಕ್ಕ ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹಾಕಿರಬೇಕು.

ಹಿಂದಿನ ರಾತ್ರಿಯ ಊಟಕ್ಕೂ ಆ ದಿನದ ಊಟಕ್ಕೂ ನಾನು ಚಟ್ನಿ ಹಾಕಿಸಿಕೊಳ್ಳಲಿಲ್ಲ. ರೊಟ್ಟಿಗೆ ಮೊಸರು ಸಾಕು ಎಂದೆ. ಹೆಂಡತಿ ಒತ್ತಾಯ ಮಾಡಲಿಲ್ಲ. ಡಬ್ಬಿಯನ್ನು ನನ್ನ ಕೈಗೆ ಸಿಗುವಲ್ಲಿಂದ ತೆಗೆದು ಆಚೆ ಇಟ್ಟಳು.

ಬರೆಯುವ ಕೆಲಸಕ್ಕೆ ನಾನೂ ಹೆಂಡತಿಯೂ ಐವತ್ತೈವತ್ತು ಚೀಟಿ ಹಂಚಿಕೊಂಡೆವು. ಮೊದಲು ತೂಕದ ಕ್ರಮ ಹಿಡಿಯಬೇಕಿತ್ತು. ಅವರಿಬ್ಬರ ಅಳತೆಯೆಲ್ಲ ಮುಷ್ಟಿ, ಚಿಟಿಕೆ, ‘ಕೈಗೆ ಬಂದಷ್ಟು’. ಪಕ್ಕದ ಮನೆಯಾಕೆ ಬರಿಗೈಯಿಂದ ಬೆಳ್ಳುಳ್ಳಿ ತೆಗೆದು ತಕ್ಕಡಿಗೆ ಹಾಕಿದರು; ಮೂರು ಸಲ ಹಾಕಿದರೂ ಮುಳ್ಳು ಒಂದೇ ಕಡೆ ನಿಂತಿತು. ಶೇಂಗಾ, ಮೆಣಸಿನಕಾಯಿಪುಡಿ, ಅದರ ಬೆನ್ನಿಗೇ ಬೆಳ್ಳುಳ್ಳಿ. ಉಪ್ಪಿಗಿಂತ, ಜೀರಿಗೆಗಿಂತ ಮುಂದೆ. ಇಂಗು ಪಟ್ಟಿಯಲ್ಲೇ ಇರಲಿಲ್ಲ.

“ಲಶುನ ಅಂತ ಬರಿಯೂಣೇನು?” ಎಂದೆ, ಕೊನೆಯ ಪ್ರಯತ್ನವಾಗಿ.

“ಬೆಳ್ಳುಳ್ಳಿ ಅಂತ ಬರೀರಿ” ಎಂದಳು ಹೆಂಡತಿ.

“ಲಶುನ ಅಂದ್ರ ಜನಾ ಅಫೀಮು ಗಿಫೀಮು ಅನ್ಕೊಂಡಾರ್ರಿ” ಎಂದರು ಪಕ್ಕದ ಮನೆಯಾಕೆ.

ತಪ್ಪು ಮಾಡಿದ ಮಕ್ಕಳಿಂದ ಒಂದೇ ಶಬ್ದವನ್ನು ಐವತ್ತು ಸಲ ಬರೆಯಿಸುವುದು ನನ್ನ ವೃತ್ತಿಜೀವನದ ಪ್ರಿಯವಾದ ಶಿಕ್ಷೆಯಾಗಿತ್ತು. ಅದರಿಂದ ಶಬ್ದ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ಪಾಲಕರಿಗೆ ಹೇಳುತ್ತಿದ್ದೆ. ನಿಲ್ಲುತ್ತದೆ. ಇಪ್ಪತ್ತನೆಯ ಚೀಟಿಯ ಹೊತ್ತಿಗೆ ಬೆರಳು ನೋಯತೊಡಗಿತು, ಮೂವತ್ತರ ಹೊತ್ತಿಗೆ ಆ ಶಬ್ದದ ಮೇಲಿನ ಸಿಟ್ಟೂ ಹೋಯಿತು. ಸಂಜೆ ದೀಪ ಹಚ್ಚುವುದರೊಳಗೆ ನೂರೂ ಮುಗಿದವು.

ಶುಕ್ರವಾರ ಮೂವರೂ ಎರಡು ರಟ್ಟಿನ ಪೆಟ್ಟಿಗೆಗಳೊಂದಿಗೆ ಕಿತ್ತೂರಿಗೆ ಹೋದೆವು. ಬಸ್ಸಿನಲ್ಲಿ ಹೆಂಡತಿ ನೋಂದಣಿಯ ಕಾಗದವನ್ನು ಎರಡು ಚೀಲಗಳ ಸಮೇತ ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಕೈ ಇಟ್ಟುಕೊಂಡಿದ್ದಳು.

ಅಂಗಡಿಯವರು ಗಿರಾಕಿಗಳ ನಡುವೆಯೇ ಪೆಟ್ಟಿಗೆ ಬಿಚ್ಚಿಸಿದರು. ಎರಡು ಪೊಟ್ಟಣ ಎತ್ತಿ ಅಕ್ಕಪಕ್ಕ ಹಿಡಿದರು; ಒಂದು ನಾನು ಬರೆದದ್ದು, ಒಂದು ಅವಳದು.

“ಕೈಲೆ ಬರದೀರಿ.”

“ಪ್ರೆಸ್ಸಿನವ್ರು ಗುಡ್ಡಕ್ಕ ಹೋಗ್ಯಾರ್ರಿ” ಎಂದಳು ಅವಳು. “ಅಚ್ಚಾದದ್ದು ತಪ್ಪಿತ್ತು. ತಪ್ಪು ಚೀಟಿ ತರಬಾರದಂತ ಕೈಲೆ ಬರದೀವಿ.”

ತಪ್ಪು ಯಾರದೆಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಾನು ಎದುರಿನ ಬಸ್ಸಿನ ನಂಬರನ್ನು ಆಸಕ್ತಿಯಿಂದ ಓದುತ್ತಿದ್ದೆ. ಅಂಗಡಿಯವರು ನನ್ನ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಬದಿಗಿಟ್ಟು, ಅವಳದರ ಮೇಲೆ ಬೆರಳಿಟ್ಟು ಓದಿದರು. “ಇದು ಓದಾಕ ಬರತೈತಿ. ಅದು ಚೆಂದೈತಿ.” ಆಮೇಲೆ ಬೆರಳು ನಿಂತಿತು. “ಬಳ್ಳೊಳ್ಳಿ ಐತಿ. ನೀವು ಆಚಾರರ ಮನ್ಯಾವ್ರಲ್ರಿ?”

“ಹೌದ್ರಿ.”

“ಹಂಗಾರ ನೀವ ತಿನ್ನಂಗಿಲ್ಲ.” ಪೊಟ್ಟಣವನ್ನು ಕೆಳಗಿಟ್ಟರು. “ತಪ್ಪ ತಿಳಕೋಬ್ಯಾಡ್ರಿ ಬಾಯಾರ. ಲಡಕಿ ಉಂಡಿಯವ್ರೂ ಅವ್ರ ಮನ್ಯಾಗ ಅದನ್ನ ತಿಂತಿದ್ದಿಲ್ಲ, ಆಮ್ಯಾಲೆ ಗೊತ್ತಾತು. ತಾವು ತಿನ್ನದ್ದನ್ನ ಮಾರಾವ್ರ ಮಾಲು ಇಡಬಾರದು ಅಂತ ಮಾಡೇನಿ. ಕಾಯ್ದೆದಾಗಿಲ್ಲ, ನಂದು.” ನನ್ನ ಕಡೆ ತಿರುಗಿದರು. “ಯಜಮಾನ್ರ, ನೀವು ತಿಂತೀರೇನ್ರಿ ಇದನ್ನ?”

ಪಕ್ಕದ ಮನೆಯಾಕೆ ನನ್ನ ಮುಖ ನೋಡಿದರು. ಹೆಂಡತಿ ನೋಡಲಿಲ್ಲ. ಅವಳು ತೊಡೆಯಿಂದ ಕೈಗೆ ಬಂದಿದ್ದ ಆ ಚೀಲದ ತುದಿಯನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು. ಅಂಗಡಿಯಲ್ಲಿ ನಾಲ್ಕೈದು ಜನ ಚಹಾ ಕುಡಿಯುತ್ತಿದ್ದರು. ಅವರಲ್ಲೊಬ್ಬ ನಮ್ಮ ಊರಿನವನು, ಅವನ ಮಗನ ಉಪನಯನದಲ್ಲಿ ನಾನು ಸಾರಿನ ಪಾತ್ರೆಯನ್ನು ಮೂಸಿ ತೀರ್ಪು ಕೊಟ್ಟಿದ್ದೆ.

“ಮೂವತ್ತೆರಡು ವರ್ಷದಿಂದ ತಿಂತೀನಿ” ಎಂದೆ.

“ದಿನಾ?”

“ಎರಡೂ ಹೊತ್ತು. ನಿನ್ನೆ ಒಂದು ದಿವಸ ಬಿಟ್ಟಿದ್ದೆ. ರೊಟ್ಟಿ ಗಂಟಲದಾಗ ಇಳೀಲಿಲ್ಲ.”

ಅಂಗಡಿಯವರು ಕಾಗದದ ತುಂಡಿನ ಮೇಲೆ ಒಂದಿಷ್ಟು ಚಟ್ನಿ ಸುರಿದು ನನ್ನ ಮುಂದೆ ಹಿಡಿದರು. ನೋಡುವವರು ನೋಡುತ್ತಿದ್ದರು. ತಿಂದೆ. ಉಪನಯನದವನು ಚಹಾದ ಲೋಟವನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ನಿಂತಿದ್ದ. 

“ಇಡ್ರಿ ಒಳಗ” ಎಂದರು ಅಂಗಡಿಯವರು. “ಮುಂದಿನ ಸಲ ಅಚ್ಚು ಹಾಕಿಸಿಕೊಂಡ ಬರ್ರಿ.”

ಗಾಜಿನ ಕಪಾಟಿನ ಎರಡನೆಯ ಸಾಲಿನಲ್ಲಿ ಇಬ್ಬರು ಹೆಂಗಸರೂ ಪೊಟ್ಟಣಗಳನ್ನು ಜೋಡಿಸಿದರು, ಚೀಟಿ ಮುಂದೆ ಬರುವಂತೆ. ನಾನು ಬರೆದವು ಹಿಂದಿನ ಸಾಲಿಗೆ ಹೋದವು.

ತಿರುಗಿ ಬಂದು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ, ನೇರ ಪ್ರೆಸ್ಸಿಗೆ ನಡೆದಳು. ಪ್ರೆಸ್ಸಿನವನು ಆಗಷ್ಟೇ ಗುಡ್ಡದಿಂದ ಬಂದಿದ್ದ, ಹಣೆಯ ಮೇಲಿನ ಭಂಡಾರದ ಅರಿಸಿನ ಇನ್ನೂ ಅಳಿಸಿರಲಿಲ್ಲ. ನನಗೆ ಒಂದು ಸ್ಟೂಲು ಕೊಟ್ಟ. ನನ್ನ ಹೆಂಡತಿ ನಿಂತೇ ಒಂದೊಂದು ಸಾಲಾಗಿ ಹೇಳಿದಳು, ಪಕ್ಕದ ಮನೆಯಾಕೆ ಬೆರಳು ಮಡಚುತ್ತ ಬಿಟ್ಟು ಹೋಗದಂತೆ ನೋಡಿಕೊಂಡರು. ಶೇಂಗಾ ಚಟ್ನಿ. ಇದರಲ್ಲಿರುವುದು ಶೇಂಗಾ, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಜೀರಿಗೆ, ಹುರಿಯಲು ಎಣ್ಣೆ. ಶೇಂಗಾ ಮೈಗೆ ಆಗದವರು ತಿನ್ನಬೇಡಿ. ಮಾಡಿದವರು ಎಂದು ಅವರಿಬ್ಬರ ಹೆಸರು. ಚೀಟಿಯಲ್ಲಿ ಜಾಗ ಇನ್ನೂ ಬೇಕಾದಷ್ಟು ಉಳಿಯಿತು.

ಹಳೆಯ ಶಿಷ್ಯನಿಗೆ ನನ್ನನ್ನು ಸ್ಟೂಲಿನ ಮೇಲೆ ಹಾಗೆ ಸುಮ್ಮನೆ ಕೂರಿಸಿದ್ದು ಕೆಟ್ಟೆನಿಸಿರಬೇಕು.

“ಸರ್ ಹೆಸರ ಎಲ್ಲೆ ಹಾಕೂಣ್ರಿ ಬಾಯಾರ?”

ಅವಳು ನಿಜವಾಗಿಯೂ ಯೋಚಿಸಿದಳು. ತುಸು ಹೊತ್ತು ನನ್ನನ್ನೇ ನೋಡಿದಳು, ತೂಕ ಮಾಡುವವರ ಹಾಗೆ.

“ಒಳಗ ಹಾಕಿದ್ದಷ್ಟಽ ಬರೀಬೇಕಂತ ಕಾಯ್ದೆ ಅದಲ್ಲ” ಎಂದಳು. “ಅವ್ರದೇನೂ ಒಳಗ ಹಾಕಿಲ್ಲ.”

ಕಾನೂನಿನ ದೃಷ್ಟಿಯಿಂದ ಅದು ಸರಿಯಾಗಿಯೇ ಇತ್ತು. ಪ್ರೆಸ್ಸಿನವನು ಕರಡಿನ ಹಾಳೆಯನ್ನು ಚಾಚಿದ. ಅಭ್ಯಾಸಬಲದಿಂದ ನಾನು ಕೈ ಮುಂದೆ ಮಾಡಿದೆ. ನನ್ನ ಹೆಂಡತಿ ಅದನ್ನು ತೆಗೆದುಕೊಂಡು, ಕನ್ನಡಕ ಏರಿಸಿಕೊಂಡು, ತಾನೇ ಓದತೊಡಗಿದಳು.